ಟ್ಯೂಷನ್: ಪದದ ಅರ್ಥ, ಹುಟ್ಟು, ನೆಂಟಸ್ತಿಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ದಿನಾ ನಾಲಿಗೆಯ ಮೇಲೆ ಓಡಾಡುವ ಪದ ಇದು. ಮಕ್ಕಳು ಹೇಳುತ್ತಾರೆ, ಹೆತ್ತವರು ಹೇಳುತ್ತಾರೆ, ಪಾಠ ಮಾಡುವವರೂ ಹೇಳುತ್ತಾರೆ. ಆದರೆ ಒಮ್ಮೆ ದೊಡ್ಡ ಇಂಗ್ಲಿಷ್ ನಿಘಂಟು ತೆಗೆದು ನೋಡಿ, ಗೊಂದಲ ಶುರುವಾಗುತ್ತದೆ. ಒಂದು ಕಡೆ ‘ಬೋಧನೆ’ ಅಂತ ಇರುತ್ತದೆ, ಅದರ ಕೆಳಗೆ ‘ಶುಲ್ಕ’, ಇನ್ನೂ ಕೆಳಗೆ ‘ರಕ್ಷಣೆ’. ಮೂರೂ ಸರಿಯೇ. ಈ ಪದದ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಚಿಕ್ಕದಾಗಿ ಹೇಳಿ, ಟ್ಯೂಷನ್ ಅಂದರೆ ಏನು?

ಪಾಠ ಹೇಳಿಕೊಡುವುದು. ಅದರಲ್ಲೂ ಒಬ್ಬರಿಗೋ ನಾಲ್ಕೈದು ಜನರಿಗೋ ಹತ್ತಿರ ಕೂರಿಸಿಕೊಂಡು ಹೇಳಿಕೊಡುವುದು. ಅಮೆರಿಕದ ಇಂಗ್ಲಿಷ್‌ನಲ್ಲಿ ಮಾತ್ರ ಇದೇ ಪದಕ್ಕೆ ಪಾಠಕ್ಕೆ ಕಟ್ಟುವ ಹಣ ಅನ್ನುವ ಅರ್ಥವೇ ಜಾಸ್ತಿ. ಇವೆರಡಕ್ಕಿಂತ ಹಳೆಯ ಅರ್ಥ ಇನ್ನೊಂದಿದೆ: ಒಬ್ಬರನ್ನು ಕಾಪಾಡುವುದು, ಅವರ ಮೇಲೆ ಒಂದು ಕಣ್ಣಿಟ್ಟು ನೋಡಿಕೊಳ್ಳುವುದು. ಅದು ಈಗ ಬಳಕೆಯಲ್ಲಿ ಇಲ್ಲ. ಆದರೆ ಪದ ಹುಟ್ಟಿದ್ದೇ ಅಲ್ಲಿಂದ.

ಪದದ ಮೂಲ ಯಾವ ಭಾಷೆ?

ಲ್ಯಾಟಿನ್. ಅಲ್ಲಿ ‘ತುಯೇರಿ’ ಅನ್ನುವ ಕ್ರಿಯಾಪದ ಇದೆ. ಅದರ ಮೊದಲ ಅರ್ಥ ನೋಡು, ದಿಟ್ಟಿಸು. ಎರಡನೆಯದು ಕಾಯು, ಕಾಪಾಡು. ಇದರಿಂದ ‘ತುಯಿತಿಯೊ’ ಅನ್ನುವ ನಾಮಪದ ಆಯಿತು. ಅಂದರೆ ಕಾವಲು, ಆರೈಕೆ, ರಕ್ಷಣೆ. ಅದು ಹಳೆಯ ಫ್ರೆಂಚ್‌ಗೆ ಹೋಗಿ, ಅಲ್ಲಿಂದ 15ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ಇಂಗ್ಲಿಷ್‌ನಿಂದ ನಮ್ಮ ಮಾತಿಗೆ ಬರುವಷ್ಟರಲ್ಲಿ ಅದರ ಮೈಮೇಲಿನ ಹಳೆಯ ಅರ್ಥ ಪೂರ್ತಿ ಉದುರಿಹೋಗಿತ್ತು. ನಮಗೆ ಸಿಕ್ಕಿದ್ದು ಪಾಠದ ಟ್ಯೂಷನ್ ಮಾತ್ರ.

ನೋಡುವುದಕ್ಕೂ ಕಾಪಾಡುವುದಕ್ಕೂ ಏನು ಸಂಬಂಧ? ಒಂದೇ ಪದಕ್ಕೆ ಎರಡು ಅರ್ಥ ಹೇಗೆ?

ಇದನ್ನು ಅರ್ಥ ಮಾಡಿಕೊಳ್ಳಲು ಲ್ಯಾಟಿನ್ ಓದಬೇಕಾಗಿಲ್ಲ. ಕನ್ನಡ ಬಂದರೆ ಸಾಕು.

‘ಮಗುವನ್ನು ನೋಡು’ ಅಂದರೆ ಕಣ್ಣಿನ ಕೆಲಸ. ‘ಮಗುವನ್ನು ನೋಡಿಕೋ’ ಅಂದರೆ ಜವಾಬ್ದಾರಿ. ನಡುವೆ ಇರುವುದು ‘ಕೊಳ್ಳು’ ಅನ್ನುವ ಪುಟ್ಟ ಕ್ರಿಯಾಪದ. ಅದು ಸೇರಿದ ಕೂಡಲೇ ನೋಟ ಆರೈಕೆಯಾಗುತ್ತದೆ. ಅಜ್ಜಿಗೆ ಹುಷಾರಿಲ್ಲ, ಯಾರು ನೋಡಿಕೊಳ್ಳುತ್ತಾರೆ? ಎರಡು ದಿನ ಊರಲ್ಲಿ ಇರುವುದಿಲ್ಲ, ಮನೆ ಕಡೆ ಸ್ವಲ್ಪ ನೋಡ್ತಾ ಇರಿ. ಇಲ್ಲೆಲ್ಲ ಯಾರೂ ಸುಮ್ನೆ ಕಣ್ಣು ಬಿಟ್ಟು ದಿಟ್ಟಿಸುತ್ತ ಕೂರಲಿ ಅಂತ ಕೇಳುತ್ತಿಲ್ಲ, ಅಲ್ವಾ? ಬೇಕಾದಾಗ ಕೈ ಹಾಕಿ, ಕೆಡದ ಹಾಗೆ ಕಾಯಿರಿ ಅಂತ ಕೇಳುತ್ತಿದ್ದಾರೆ.

ಲ್ಯಾಟಿನ್‌ನಲ್ಲಿ ಆಗಿದ್ದೂ ಇದೇ. ‘ತುಯೇರಿ’ ಮೊದಲು ‘ನೋಡು’ ಆಗಿತ್ತು, ಆಮೇಲೆ ‘ನೋಡಿಕೊಳ್ಳು’ ಆಯಿತು. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ನಡೆದಿವೆ. ನನಗೆ ಈ ಪದದ ಕಥೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದೇ. ಅದೇ ಲ್ಯಾಟಿನ್ ಕ್ರಿಯಾಪದದಿಂದ ‘ತೂತುಸ್’ ಅನ್ನುವ ಪದವೂ ಬಂದಿದೆ, ಅಂದರೆ ಸುರಕ್ಷಿತ. ಯಾರೋ ನೋಡಿಕೊಳ್ಳುತ್ತಿರುವ ಕಾರಣಕ್ಕೆ ಸುರಕ್ಷಿತ.

ಹಾಗಾದರೆ ಇಂಗ್ಲಿಷ್‌ನಲ್ಲಿ ಮೊದಲಿಗೆ ಪಾಠ ಅನ್ನುವ ಅರ್ಥವೇ ಇರಲಿಲ್ಲವೇ?

ಇರಲಿಲ್ಲ. 15ನೇ ಶತಮಾನದ ಇಂಗ್ಲಿಷ್‌ನಲ್ಲಿ ‘ಟ್ಯೂಷನ್’ ಅಂದರೆ ರಕ್ಷಣೆ, ಸುಪರ್ದಿ. ಅಪ್ಪ ತೀರಿಕೊಂಡ ಮಗುವನ್ನು ಯಾರ ಟ್ಯೂಷನ್‌ಗೆ ಒಪ್ಪಿಸಬೇಕು ಅನ್ನುವುದು ಉಯಿಲಿನಲ್ಲಿ ಬರೆಯುವ ವಿಷಯ. ಉತ್ತರ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳ ಹಳೆಯ ಉಯಿಲಿನ ಕಡತಗಳಲ್ಲಿ ‘ಟ್ಯೂಷನ್ ಬಾಂಡ್’ ಅನ್ನುವ ಕಾಗದಗಳು ಸಿಗುತ್ತವೆ. ಈಗಿನವರು ಆ ಹೆಸರು ಕೇಳಿದರೆ ಫೀಸು ಕಟ್ಟುವ ಒಪ್ಪಂದ ಅಂದುಕೊಳ್ಳಬಹುದು. ಅದಲ್ಲ. ಈ ಮಗುವನ್ನೂ ಅದರ ಪಾಲಿನ ಆಸ್ತಿಯನ್ನೂ ಸರಿಯಾಗಿ ನೋಡಿಕೊಳ್ಳುತ್ತೇನೆ ಅಂತ ಪೋಷಕರು ಬರೆದುಕೊಟ್ಟ ಮುಚ್ಚಳಿಕೆ ಅದು.

ಆ ಕಾಲದ ಪತ್ರಗಳ ಕೊನೆಯಲ್ಲೂ ಈ ಪದ ಬರುತ್ತಿತ್ತು. ಷೇಕ್ಸ್‌ಪಿಯರ್ ಬರೆದ, 1600ರಲ್ಲಿ ಅಚ್ಚಾದ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ ಮೊದಲ ಅಂಕದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಬೆನೆಡಿಕ್ ಹೊರಡುವ ಹೊತ್ತಿಗೆ ‘ನಿಮ್ಮನ್ನು ಒಪ್ಪಿಸುತ್ತೇನೆ’ ಅಂತ ಮಾತು ಶುರು ಮಾಡುತ್ತಾನೆ. ಗೆಳೆಯ ಕ್ಲಾಡಿಯೊ ಅವನನ್ನು ಛೇಡಿಸುತ್ತ, ಪತ್ರದ ಕೊನೆಯ ಸಾಲು ಓದುವವನ ಹಾಗೆ ‘ದೇವರ ಟ್ಯೂಷನ್‌ಗೆ’ ಅಂತ ಪೂರ್ತಿ ಮಾಡುತ್ತಾನೆ. ನಾವು ‘ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ’ ಅಂತ ಪತ್ರ ಮುಗಿಸುತ್ತೇವಲ್ಲ, ಅದೇ ಭಾವ. ದೇವರು ಅಲ್ಲಿ ಪಾಠ ಮಾಡುತ್ತಿಲ್ಲ, ಕಾಯುತ್ತಿದ್ದಾನೆ.

ಕಾವಲು ಪಾಠವಾಗಿ ಬದಲಾದದ್ದು ಹೇಗೆ?

‘ಟ್ಯೂಟರ್’ ಅನ್ನುವ ಪದದ ಮೂಲಕ. ಇದೂ ‘ತುಯೇರಿ’ಯ ಮಗುವೇ. ಪ್ರಾಚೀನ ರೋಮ್‌ನ ಕಾನೂನಿನಲ್ಲಿ ‘ತೂತೋರ್’ ಅಂದರೆ ಅಪ್ಪನಿಲ್ಲದ ಚಿಕ್ಕ ಮಕ್ಕಳ ಪೋಷಕ. ಮಗುವಿನ ಆಸ್ತಿ ಕಾಯುವುದು, ವ್ಯವಹಾರಕ್ಕೆ ಒಪ್ಪಿಗೆ ಕೊಡುವುದು ಅವನ ಕೆಲಸ. ಈ ಪೋಷಕತನಕ್ಕೆ ‘ತೂತೇಲಾ’ ಅಂತ ಹೆಸರು. ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಫಲಕಗಳ ಕಾಯಿದೆಯಲ್ಲೇ ಇದರ ಮಾತು ಬರುತ್ತದೆ. ಪಾಠ ಹೇಳಿಕೊಡುವುದಕ್ಕೆ ರೋಮ್‌ನಲ್ಲಿ ಬೇರೆ ಜನ ಇದ್ದರು, ಅವರಿಗೆ ಬೇರೆ ಹೆಸರುಗಳೂ ಇದ್ದವು.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಚಿಕ್ಕ ವಯಸ್ಸಿನ ಹುಡುಗರು ಓದಲು ಬರುತ್ತಿದ್ದರು. ಈಗಿನ ಕಾಲೇಜು ಹುಡುಗರಿಗಿಂತ ಚಿಕ್ಕವರು, ಕೆಲವರು ಹದಿನಾಲ್ಕು ಹದಿನೈದರ ಹುಡುಗರು. ಮನೆಯಿಂದ ದೂರ, ಕೈಯಲ್ಲಿ ದುಡ್ಡು, ಹೇಳುವವರು ಕೇಳುವವರು ಇಲ್ಲ. ಹಾಗಾಗಿ ಕಾಲೇಜಿನ ಹಿರಿಯರೊಬ್ಬರ ಸುಪರ್ದಿಗೆ ಹುಡುಗನನ್ನು ಒಪ್ಪಿಸುತ್ತಿದ್ದರು. ಅವರೇ ಟ್ಯೂಟರ್. ಹೆತ್ತವರು ಹಣ ಕಳಿಸುತ್ತಿದ್ದದ್ದು ಟ್ಯೂಟರ್ ಕೈಗೆ. ಹುಡುಗನ ಖರ್ಚು, ಸಾಲ, ನಡತೆ, ಎಲ್ಲಕ್ಕೂ ಅವರೇ ಹೊಣೆ. ಜೊತೆಗೆ ಓದಿಸುವುದೂ ಅವರ ಪಾಲಿಗೇ ಬಂತು. ಓದಲು ಬಂದ ಹುಡುಗನನ್ನು ನೋಡಿಕೊಳ್ಳುವುದು ಅಂದರೆ ಅವನ ಓದನ್ನು ನೋಡಿಕೊಳ್ಳುವುದೂ ಸೇರುತ್ತದೆ. 16ನೇ ಶತಮಾನದ ಕೊನೆಯ ಹೊತ್ತಿಗೆ ಟ್ಯೂಷನ್ ಅಂದರೆ ಬೋಧನೆ ಅನ್ನುವ ಬಳಕೆ ಬರಹದಲ್ಲಿ ಕಾಣುತ್ತದೆ. ನಿಧಾನಕ್ಕೆ ಕಾವಲು ಹಿಂದೆ ಸರಿಯಿತು, ಪಾಠ ಮುಂದೆ ಬಂತು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ ಅನ್ನುವುದಕ್ಕೆ ಕೇಂಬ್ರಿಜ್ ನೋಡಿ. ಅಲ್ಲಿನ ಕಾಲೇಜುಗಳಲ್ಲಿ ಇವತ್ತಿಗೂ ಟ್ಯೂಟರ್ ಅಂದರೆ ವಿದ್ಯಾರ್ಥಿಯ ಯೋಗಕ್ಷೇಮ ವಿಚಾರಿಸಿಕೊಳ್ಳುವವರು. ಚಿಕ್ಕ ಗುಂಪಿನಲ್ಲಿ ಪಾಠ ಹೇಳಿಕೊಡುವವರಿಗೆ ಅಲ್ಲಿ ಸೂಪರ್‌ವೈಸರ್ ಅಂತ ಹೆಸರು. ಆಕ್ಸ್‌ಫರ್ಡ್‌ನಲ್ಲಿ ಟ್ಯೂಟರ್ ಪಾಠ ಮಾಡುತ್ತಾರೆ.

ಪಾಠ ಹೋಗಿ ಫೀಸು ಆದದ್ದು ಯಾವಾಗ?

19ನೇ ಶತಮಾನದ ಮೊದಲ ಭಾಗದಲ್ಲಿ, ಅಮೆರಿಕದಲ್ಲಿ ಇದು ಚೆನ್ನಾಗಿ ಬೇರೂರಿತ್ತು. ನೋವಾ ವೆಬ್‌ಸ್ಟರ್ 1828ರಲ್ಲಿ ಹೊರತಂದ ನಿಘಂಟಿನಲ್ಲಿ ಈ ಪದಕ್ಕೆ ಮೂರು ಅರ್ಥಗಳನ್ನು ಸಾಲಾಗಿ ಕೊಟ್ಟಿದ್ದಾರೆ. ಮೊದಲನೆಯದು ಪೋಷಕತನ, ಎಳೆಯರ ಮೇಲಿನ ನಿಗಾ. ಎರಡನೆಯದು ಬೋಧನೆ. ಈಗ ಎಲ್ಲರೂ ಬಳಸುವುದು ಇದೇ ಅರ್ಥದಲ್ಲಿ ಅಂತ ಪಕ್ಕದಲ್ಲೇ ಟಿಪ್ಪಣಿ. ಮೂರನೆಯದು ಬೋಧನೆಗೆ ಕೊಡುವ ಹಣ. ಅದಕ್ಕೆ ಉದಾಹರಣೆಯಾಗಿ ನಮ್ಮ ಕಾಲೇಜುಗಳಲ್ಲಿ ಟ್ಯೂಷನ್ ವರ್ಷಕ್ಕೆ ಮೂವತ್ತರಿಂದ ನಲವತ್ತು ಡಾಲರ್ ಅಂತ ಬರೆದಿದ್ದಾರೆ. ನಾನೂರು ವರ್ಷದ ಪ್ರಯಾಣ ಒಂದೇ ಪುಟದಲ್ಲಿ, ಅದೂ ಸರಿಯಾದ ಕ್ರಮದಲ್ಲಿ ಸಿಗುತ್ತದೆ.

‘ಟ್ಯೂಷನ್ ಫೀ’ ಅನ್ನುವ ಎರಡು ಪದಗಳಲ್ಲಿ ಎರಡನೆಯದು ಬಾಯಲ್ಲಿ ಸವೆದುಹೋಗಿ ಮೊದಲನೆಯದೇ ಎರಡರ ಕೆಲಸವನ್ನೂ ಮಾಡತೊಡಗಿತು. ಇದೇನು ವಿಚಿತ್ರ ಅಲ್ಲ. ಕನ್ನಡದ ‘ಕೂಲಿ’ ನೋಡಿ. ‘ಕೂಲಿ ಕೊಟ್ಟೆ’ ಅಂದರೆ ಹಣ, ‘ಕೂಲಿಗೆ ಹೋದ’ ಅಂದರೆ ಕೆಲಸ. ‘ಬಾಡಿಗೆ’ಯೂ ಹಾಗೇ. ಮನೆಯ ಬಾಡಿಗೆ ಅಂದರೆ ಹಣ. ಗಾಡಿ ಓಡಿಸುವವರು ‘ಒಂದು ಬಾಡಿಗೆ ಹೋಗಿಬಂದೆ’ ಅಂದರೆ ಅದು ಒಂದು ಸುತ್ತಿನ ಓಡಾಟ. ಕೆಲಸ ಮತ್ತು ಅದರ ಹಣ ಒಂದೇ ಹೆಸರಿನೊಳಗೆ ಆರಾಮಾಗಿ ಇರುತ್ತವೆ. ನಮ್ಮಲ್ಲಿ ಹಣದ ಪದ ಕೆಲಸಕ್ಕೆ ಬಂತು, ಅಲ್ಲಿ ಕೆಲಸದ ಪದ ಹಣಕ್ಕೆ ಹೋಯಿತು.

ಅಮೆರಿಕದ ಕಾಲೇಜಿನ ಪತ್ರದಲ್ಲಿ ಟ್ಯೂಷನ್ ಅಂತ ಇದ್ದರೆ ಹೇಗೆ ಓದಿಕೊಳ್ಳಬೇಕು?

ಬೋಧನಾ ಶುಲ್ಕ ಅಂತ. ಇಲ್ಲಿ ಗಮನ ಕೊಟ್ಟು ಓದಿ, ಯಾಕೆಂದರೆ ಹಣದ ವಿಷಯ. ‘ಟ್ಯೂಷನ್ ವೇವರ್’ ಅಂದರೆ ಬೋಧನಾ ಶುಲ್ಕ ಮನ್ನಾ, ಪಾಠ ಮನ್ನಾ ಅಲ್ಲ. ‘ಟ್ಯೂಷನ್ ಫ್ರೀ’ ಅಂದರೆ ಆ ಶುಲ್ಕ ಇಲ್ಲ. ಮನ್ನಾ ಆಗಿದೆ ಅಂದಮಾತ್ರಕ್ಕೆ ವಸತಿ, ಊಟ, ಪುಸ್ತಕ, ವಿಮೆ ಎಲ್ಲವೂ ಮನ್ನಾ ಅಂತ ಅಲ್ಲ. ಅವಕ್ಕೆ ಬೇರೆ ಲೆಕ್ಕ ಇರುತ್ತದೆ. ಪತ್ರದಲ್ಲಿ ‘ಫೀಸ್’ ಅಂತ ಇನ್ನೊಂದು ಸಾಲು ಪ್ರತ್ಯೇಕವಾಗಿ ಇದ್ದರೆ ಅದು ಟ್ಯೂಷನ್‌ಗೆ ಹೊರತಾದ ಬೇರೆ ಶುಲ್ಕಗಳು. ಬ್ರಿಟನ್ನಿನವರು ಇದೇ ಹಣಕ್ಕೆ ‘ಟ್ಯೂಷನ್ ಫೀಸ್’ ಅಂತ ಪೂರ್ತಿ ಬರೆಯುತ್ತಾರೆ. ಅವರಿಗೆ ಬರೀ ಟ್ಯೂಷನ್ ಅಂದರೆ ಇನ್ನೂ ಪಾಠವೇ.

ಇಂಟ್ಯೂಷನ್ ಅಂದರೆ ‘ಒಳಗಿನ ಟ್ಯೂಷನ್’, ಮನಸ್ಸೇ ಮಾಡುವ ಪಾಠ ಅಂತ ಹೇಳುತ್ತಾರೆ. ನಿಜವೇ?

ಅರ್ಧ ನಿಜ. ಎರಡೂ ಪದಗಳ ತಾಯಿ ಒಬ್ಬಳೇ. ಆದರೆ ಇಂಟ್ಯೂಷನ್ ಹುಟ್ಟಿದ್ದು ಟ್ಯೂಷನ್‌ನಿಂದ ಅಲ್ಲ. ಲ್ಯಾಟಿನ್‌ನಲ್ಲಿ ‘ಇಂತುಯೇರಿ’ ಅಂದರೆ ಒಂದರ ಮೇಲೆ ನೋಟ ನೆಡು, ದಿಟ್ಟಿಸಿ ನೋಡು. ಅಲ್ಲಿನ ‘ಇನ್’ಗೆ ‘ಮೇಲೆ, ಕಡೆಗೆ’ ಅನ್ನುವ ಅರ್ಥ. ‘ಮನಸ್ಸಿನ ಒಳಗೆ’ ಅನ್ನುವ ಅರ್ಥ ಅಲ್ಲ. ಯಾರೂ ವಿವರಿಸದೆ, ಹಂತ ಹಂತವಾಗಿ ಯೋಚಿಸದೆ, ಒಂದು ನೋಟಕ್ಕೇ ಹೊಳೆದುಬಿಡುವುದು ಇಂಟ್ಯೂಷನ್. ಕನ್ನಡದಲ್ಲಿ ‘ನೋಡಿದ ತಕ್ಷಣ ಗೊತ್ತಾಯ್ತು’ ಅನ್ನುತ್ತೇವಲ್ಲ, ಅದೇ. ಟ್ಯೂಷನ್ ‘ತುಯೇರಿ’ಯ ಕಾಯುವ ಅರ್ಥ ಹಿಡಿದು ಹೋಯಿತು. ಇಂಟ್ಯೂಷನ್ ನೋಡುವ ಅರ್ಥದಲ್ಲೇ ಉಳಿಯಿತು.

ಇನ್‌ಸ್ಟಿಟ್ಯೂಷನ್, ಕಾನ್‌ಸ್ಟಿಟ್ಯೂಷನ್ ಪದಗಳ ಕೊನೆಯಲ್ಲೂ ಟ್ಯೂಷನ್ ಇದೆಯಲ್ಲ?

ಕಿವಿಗೆ ಹಾಗೆ ಕೇಳಿಸುತ್ತದೆ, ಅಷ್ಟೇ. ಅವುಗಳ ಮೂಲ ‘ಸ್ಟಾಟುಎರೆ’ ಅನ್ನುವ ಬೇರೆಯೇ ಕ್ರಿಯಾಪದ. ನಿಲ್ಲಿಸು, ಸ್ಥಾಪಿಸು ಅಂತ ಅದರ ಅರ್ಥ. ಇಂಗ್ಲಿಷ್ ಕಾಗುಣಿತದಲ್ಲೂ ವ್ಯತ್ಯಾಸ ಕಾಣುತ್ತದೆ. ಆ ಪದಗಳ ಬಾಲ ಟಿ-ಯು-ಟಿ-ಐ-ಓ-ಎನ್. ನಮ್ಮ ಪದ ಟಿ-ಯು-ಐ-ಟಿ-ಐ-ಓ-ಎನ್. ಯು ಆದಮೇಲೆ ಒಂದು ಐ ಜಾಸ್ತಿ. ಬೋರ್ಡುಗಳಲ್ಲಿ, ಕರಪತ್ರಗಳಲ್ಲಿ ಈ ಐ ಬಿಟ್ಟುಹೋಗಿರುವುದನ್ನು ತುಂಬ ಸಲ ನೋಡಿದ್ದೇನೆ. ತಪ್ಪಿಗೆ ಕಾರಣ ಗೊತ್ತಾಗುವಂಥದ್ದೇ: ಇಂಗ್ಲಿಷ್‌ನಲ್ಲಿ ಪದ ‘ಟ್ಯೂ-ಇ-ಷನ್’ ಅಂತ ಮೂರು ತುಂಡು, ನಮ್ಮ ಬಾಯಲ್ಲಿ ಆ ‘ಇ’ ಕರಗಿ ‘ಟ್ಯೂ-ಷನ್’ ಆಗಿದೆ. ಬಾಯಲ್ಲಿ ಇಲ್ಲದ್ದು ಕೈಗೂ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮನಸ್ಸಿನಲ್ಲಿ ಮೂರು ತುಂಡು ಮಾಡಿ ಹೇಳಿಕೊಳ್ಳಿ, ತಪ್ಪಾಗುವುದಿಲ್ಲ.

ಟ್ಯೂಟರ್ ಕಾಯುವವನಾದರೆ, ಪ್ಯೂಪಿಲ್ ಯಾರು?

ಕಾಯಿಸಿಕೊಳ್ಳುವವನು! ಇದು ಜೋಡಿ ಪದ. ಲ್ಯಾಟಿನ್‌ನಲ್ಲಿ ‘ಪೂಪುಸ್’ ಅಂದರೆ ಹುಡುಗ. ಅದರಿಂದ ಬಂದ ‘ಪೂಪಿಲ್ಲುಸ್’ ಅಂದರೆ ಅಪ್ಪನಿಲ್ಲದ, ಪೋಷಕರ ಆಸರೆಯಲ್ಲಿರುವ ಮಗು. ರೋಮ್‌ನಲ್ಲಿ ‘ತೂತೋರ್’ ಇದ್ದದ್ದು ಈ ‘ಪೂಪಿಲ್ಲುಸ್’ಗಾಗಿ. ಇಬ್ಬರೂ ಜೊತೆಜೊತೆಗೇ ಇಂಗ್ಲಿಷ್‌ಗೆ ಬಂದು, ಜೊತೆಜೊತೆಗೇ ಮೇಷ್ಟ್ರು ಮತ್ತು ವಿದ್ಯಾರ್ಥಿ ಆದರು. ಸ್ಕಾಟ್‌ಲೆಂಡಿನ ಕಾನೂನಿನಲ್ಲಿ ಮಾತ್ರ ಹಳೆಯ ಅರ್ಥ ತುಂಬ ಕಾಲ ಉಳಿದಿತ್ತು. ಅಲ್ಲಿ 14 ವರ್ಷದೊಳಗಿನ ಹುಡುಗ, 12 ವರ್ಷದೊಳಗಿನ ಹುಡುಗಿ ‘ಪ್ಯೂಪಿಲ್’, ಅವರ ಪೋಷಕ ‘ಟ್ಯೂಟರ್’. 1991ರ ಕಾಯಿದೆ ಬರುವವರೆಗೂ ಹೀಗೇ ನಡೆಯಿತು. ಫ್ರೆಂಚ್, ಸ್ಪ್ಯಾನಿಷ್ ಕಾನೂನುಗಳಲ್ಲಿ ಈ ಪದದ ರೂಪಗಳಿಗೆ ಪೋಷಕ ಅನ್ನುವ ಅರ್ಥ ಇವತ್ತಿಗೂ ಇದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಂಗ್ಲಿಷ್‌ನಲ್ಲಿ ಕಣ್ಣಿನ ನಡುವಿನ ಕಪ್ಪು ಬೊಟ್ಟಿಗೂ ಪ್ಯೂಪಿಲ್ ಅಂತಲೇ ಹೆಸರು. ಲ್ಯಾಟಿನ್‌ನ ‘ಪೂಪಿಲ್ಲಾ’ ಅಂದರೆ ಪುಟ್ಟ ಹುಡುಗಿ, ಗೊಂಬೆ. ಎದುರಿನವರ ಕಣ್ಣನ್ನು ಹತ್ತಿರದಿಂದ ನೋಡಿದರೆ ನಮ್ಮದೇ ರೂಪ ಪುಟ್ಟ ಗೊಂಬೆಯ ಹಾಗೆ ಅಲ್ಲಿ ಕಾಣುತ್ತದೆ. ಅದಕ್ಕೇ ಆ ಹೆಸರು. ಈಗ ಕನ್ನಡಕ್ಕೆ ಬನ್ನಿ. ನಾವು ಏನಂತೇವೆ? ಕಣ್ಣಿನ ಪಾಪೆ. ಪಾಪೆ ಅಂದರೆ ಗೊಂಬೆ. ಎಳೆ ಮಗು ನಮಗೆ ಪಾಪು. ಎರಡು ದೂರದ ಭಾಷೆಗಳ ಜನ ಒಬ್ಬರ ಕಣ್ಣಲ್ಲಿ ಒಬ್ಬರು ಇಣುಕಿ ನೋಡಿ ಒಂದೇ ಹೆಸರಿಟ್ಟಿದ್ದಾರೆ.

ಟೀಚ್, ಕೋಚ್ ಪದಗಳಿಗೂ ಇದಕ್ಕೂ ಸಂಬಂಧ ಇದೆಯೇ?

ಇಲ್ಲ. ‘ಟೀಚ್’ ಹಳೆಯ ಇಂಗ್ಲಿಷ್‌ನ ಸ್ವಂತ ಪದ. ಅದರ ಮೂಲ ಅರ್ಥ ತೋರಿಸು. ಕನ್ನಡದ ‘ತೋರಿಸಿಕೊಡು’ ನೆನಪಾಗುತ್ತದೆ.

‘ಕೋಚ್’ ಕಥೆ ಬೇರೆ. ಹಂಗೇರಿಯಲ್ಲಿ ಕೋಚ್ ಅನ್ನುವ ಹಳ್ಳಿ ಇದೆ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗಳು ಯೂರೋಪಿನಲ್ಲೆಲ್ಲ ಹೆಸರಾದವು. ಊರಿನ ಹೆಸರೇ ಗಾಡಿಗೆ ಬಂತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಪರೀಕ್ಷೆಗೆ ತಯಾರಿ ಮಾಡಿಸುವ ಖಾಸಗಿ ಮೇಷ್ಟ್ರನ್ನು ಕೋಚ್ ಅಂತ ಕರೆಯತೊಡಗಿದರು. ನಮ್ಮನ್ನು ಕೂರಿಸಿಕೊಂಡು ಪರೀಕ್ಷೆಯ ಆಚೆ ದಡಕ್ಕೆ ಮುಟ್ಟಿಸುವ ಗಾಡಿ ಅಂತ. ಆಟದ ಮೈದಾನಕ್ಕೆ ಈ ಪದ ಹೋದದ್ದು ಆಮೇಲೆ. ಕೋಚಿಂಗ್ ಮತ್ತು ಟ್ಯೂಷನ್ ಅಂತ ನಾವು ಇವತ್ತು ಮಾಡುವ ವ್ಯತ್ಯಾಸ ಪದಗಳ ಹುಟ್ಟಿನಲ್ಲೇ ಇದೆ. ಒಂದು ದಡ ಮುಟ್ಟಿಸುವುದು, ಇನ್ನೊಂದು ಪಕ್ಕದಲ್ಲಿದ್ದು ನೋಡಿಕೊಳ್ಳುವುದು.

ಫೀಸು ಅನ್ನುವ ಪದ?

ಇಂಗ್ಲಿಷ್‌ನ ‘ಫೀ’ ಪದದ ಬಹುವಚನ ‘ಫೀಸ್’. ಕನ್ನಡಕ್ಕೆ ಬಂದು ಅದು ‘ಫೀಸು’ ಅಂತ ಏಕವಚನವಾಗಿಬಿಟ್ಟಿದೆ. ಭಾಷಾಶಾಸ್ತ್ರಜ್ಞರು ಇದನ್ನು ದನಕರು, ಆಸ್ತಿ ಅನ್ನುವ ಅರ್ಥದ ಹಳೆಯ ಜರ್ಮಾನಿಕ್ ಪದದ ಜೊತೆ ಜೋಡಿಸುತ್ತಾರೆ. ಆ ಪದ ಸಂಸ್ಕೃತದ ‘ಪಶು’ವಿನ ದೂರದ ನೆಂಟ. ದನವೇ ಧನ ಆಗಿದ್ದ ಕಾಲದ ನೆನಪು.

ಕನ್ನಡದಲ್ಲಿ ಟ್ಯೂಷನ್ ಪದವನ್ನು ನಾವು ಹೇಗೆ ಬಳಸುತ್ತೇವೆ?

ಪಡೆದ ಪದವನ್ನು ನಾವು ಚೆನ್ನಾಗಿಯೇ ಪಳಗಿಸಿದ್ದೇವೆ. ‘ಟ್ಯೂಷನ್ ಹೇಳ್ತಾರೆ’, ‘ಟ್ಯೂಷನ್ ಮಾಡ್ತಾರೆ’ ಅಂದರೆ ಮೇಷ್ಟ್ರು. ‘ಟ್ಯೂಷನ್‌ಗೆ ಹೋಗ್ತಾಳೆ’ ಅಂದರೆ ಹುಡುಗಿ. ‘ಟ್ಯೂಷನ್‌ಗೆ ಹಾಕಿದೀವಿ’ ಅಂದರೆ ಅಪ್ಪ ಅಮ್ಮ. ಒಬ್ಬೊಬ್ಬರಿಗೆ ಒಂದೊಂದು ಕ್ರಿಯಾಪದ ಅಂಟಿಕೊಂಡಿದೆ. ಕೆಲವು ಸಲ ಅದು ಜಾಗ: ‘ಅವನು ಟ್ಯೂಷನ್‌ನಲ್ಲಿ ಇದಾನೆ’. ಕೆಲವು ಸಲ ಹೊತ್ತು: ‘ಈಗ ಬೇಡ, ಟ್ಯೂಷನ್ ಟೈಮು’. ಮೂಲದಲ್ಲಿ ಇವು ಯಾವುವೂ ಇರಲಿಲ್ಲ. ಶಾಲೆ ಕಾಲೇಜಿನ ಮಾಮೂಲಿ ಪಾಠಕ್ಕೆ ನಾವು ಈ ಪದ ಬಳಸುವುದೇ ಇಲ್ಲ, ಶಾಲೆಯ ಹೊರಗೆ ಬೇರೆ ಹಣ ಕೊಟ್ಟು ಕಲಿಯುವುದಕ್ಕೆ ಮಾತ್ರ. ಸಿಂಗಪುರ, ಮಲೇಷ್ಯಾಗಳ ಇಂಗ್ಲಿಷ್‌ನಲ್ಲೂ ಹೀಗೇ.

ಕನ್ನಡದ್ದೇ ಪದ ಬೇಕು ಅನ್ನುವವರಿಗೆ ‘ಮನೆಪಾಠ’ ಇದೆ. ಸೊಗಸಾದ ಪದ. ಮನೆಗೆ ಬಂದು ಹೇಳಿಕೊಡುವುದಕ್ಕೂ, ಹೇಳಿಕೊಡುವವರ ಮನೆಗೆ ಹೋಗುವುದಕ್ಕೂ ಸಲ್ಲುತ್ತದೆ. ನೂರಾರು ಮಕ್ಕಳ ದೊಡ್ಡ ಕೇಂದ್ರಕ್ಕೆ ಅದು ಒಗ್ಗುವುದಿಲ್ಲ, ಅಲ್ಲಿ ಟ್ಯೂಷನ್ ಅನ್ನುವುದೇ ಸಹಜ. ಶುಲ್ಕದ ಅರ್ಥಕ್ಕೆ ‘ಬೋಧನಾ ಶುಲ್ಕ’ ಬಳಸಿ.

ಬೇರೆ ಭಾಷೆಯವರು ಇದಕ್ಕೆ ಏನಂತಾರೆ?

ಇಲ್ಲಿ ಪ್ರತಿ ಭಾಷೆಯೂ ಒಂದೊಂದು ಕಡೆಯಿಂದ ನೋಡಿದೆ. ಜರ್ಮನ್ನರ ಪದ ‘ನಾಖ್‌ಹಿಲ್ಫೆ’. ನಂತರದ ಸಹಾಯ, ಹಿಂದೆ ಬಿದ್ದವರಿಗೆ ಒಂದು ಆಸರೆ. ರಷ್ಯನ್ನರು ಮನೆಪಾಠದ ಮೇಷ್ಟ್ರಿಗೆ ‘ರೆಪೆಟೀಟರ್’ ಅನ್ನುತ್ತಾರೆ. ಮತ್ತೆ ಮತ್ತೆ ಹೇಳುವವನು, ಪುನರಾವರ್ತನೆ ಮಾಡಿಸುವವನು. ಪೋರ್ಚುಗಲ್‌ನಲ್ಲಿ ಅದೇ ವ್ಯಕ್ತಿ ‘ಎಶ್‌ಪ್ಲಿಕಡೋರ್’, ಬಿಡಿಸಿ ಹೇಳುವವನು. ಟರ್ಕಿಯ ‘ದೆರ್ಸ್‌ಹಾನೆ’ ಪಾಠದ ಮನೆ.

ಗ್ರೀಕರ ಪದ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಅಲ್ಲಿ ಟ್ಯೂಷನ್ ಕೇಂದ್ರಕ್ಕೆ ‘ಫ್ರೊಂಡಿಸ್ಟೀರಿಯೊ’ ಅಂತ ಹೆಸರು. ಕ್ರಿ.ಪೂ. 423ರಲ್ಲಿ ರಂಗಕ್ಕೆ ಬಂದ ಅರಿಸ್ಟೋಫೇನೀಸ್‌ನ ನಾಟಕವೊಂದರಲ್ಲಿ ಸಾಕ್ರೆಟಿಸ್‌ನ ಶಾಲೆಗೆ ಇದೇ ಹೆಸರಿದೆ, ಯೋಚನೆ ಮಾಡುವ ಜಾಗ ಅಂತ. ಪದದ ಹಿಂದಿರುವ ಕ್ರಿಯಾಪದಕ್ಕೆ ಹಿಂದೆ ಯೋಚಿಸು ಅಂತ ಅರ್ಥ ಇತ್ತು. ಈಗಿನ ಗ್ರೀಕ್‌ನಲ್ಲಿ ಅದರ ಅರ್ಥ? ನೋಡಿಕೊಳ್ಳು, ಕಾಳಜಿ ಮಾಡು. ಮತ್ತೆ ಅಲ್ಲಿಗೇ ಬಂದೆವು.

ಈಗಿನ ಟ್ಯೂಷನ್‌ನಲ್ಲಿ ಆ ಹಳೆಯ ‘ನೋಡುವ’ ಅರ್ಥ ಸ್ವಲ್ಪವಾದರೂ ಉಳಿದಿದೆಯೇ?

ಉಳಿದಿದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿ ಹೇಳುತ್ತೇನೆ.

ಒಂದು ಮಗು 52ರಲ್ಲಿ 17 ಕಳೆಯುತ್ತಿತ್ತು. ಉತ್ತರ 45 ಅಂತ ಬರೆಯಿತು. ಪುಸ್ತಕಕ್ಕೆ ಕೆಂಪು ಗೆರೆ ಬಿತ್ತು, ಸರಿಯುತ್ತರ 35 ಅಂತ ಪಕ್ಕದಲ್ಲಿ ಬರೆದಾಯಿತು. ಮುಂದಿನ ಲೆಕ್ಕ 63ರಲ್ಲಿ 28. ಮಗು ಬರೆದದ್ದು 45. ಮತ್ತೆ ಕೆಂಪು ಗೆರೆ. ಮಗುವಿಗೆ ಗಮನ ಸಾಲದು ಅಂತ ದೂರು.

ಆಮೇಲೆ ಇನ್ನೊಬ್ಬರು ಮಗುವಿನ ಪಕ್ಕ ಕೂತರು. ಏನೂ ಹೇಳಲಿಲ್ಲ. ಪೆನ್ಸಿಲ್ ಎಲ್ಲಿ ಹೋಗುತ್ತದೆ ಅಂತ ಸುಮ್ನೆ ನೋಡಿದರು. ಪೆನ್ಸಿಲ್ 2ರ ಮೇಲೆ ನಿಂತಿತು, 7ರ ಮೇಲೆ ನಿಂತಿತು, ಒಂದು ಕ್ಷಣ ತಡೆಯಿತು, ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ 5 ಅಂತ ಬರೆಯಿತು. 2ರಲ್ಲಿ 7 ಹೋಗುವುದಿಲ್ಲವಲ್ಲ, ಹಾಗಾಗಿ ಮಗು 7ರಲ್ಲಿ 2 ಕಳೆದಿತ್ತು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಅದಕ್ಕೆ ಯಾರೋ ಹಿಂದೆ ಹೇಳಿದ್ದರು. ಅದನ್ನೇ ಮಗು ನಿಷ್ಠೆಯಿಂದ ಪಾಲಿಸುತ್ತಿತ್ತು. ಗಮನ ಇಲ್ಲದ್ದಲ್ಲ, ಪೂರ್ತಿ ಗಮನ ಇಟ್ಟು ತಪ್ಪು ದಾರಿಯಲ್ಲಿ ನಡೆಯುತ್ತಿತ್ತು. ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿಗೆ ಸೇರಿಸುವುದನ್ನು ಕಡ್ಡಿಗಳಲ್ಲಿ ತೋರಿಸಿದ ಮೇಲೆ ಆ ಸಂಜೆಯೇ ಸರಿಹೋಯಿತು.

ನಲವತ್ತು ಮಕ್ಕಳ ಮುಂದೆ ನಿಂತವರಿಗೆ ಒಬ್ಬ ಮಗುವಿನ ಪೆನ್ಸಿಲ್ ತಡೆದದ್ದು ಕಾಣುವುದು ಕಷ್ಟ. ಅವರ ತಪ್ಪಲ್ಲ ಅದು. ಪಕ್ಕ ಕೂತು ನೋಡುವವರಿಗೆ ಕಾಣುತ್ತದೆ. ಬೆಂಜಮಿನ್ ಬ್ಲೂಮ್ ಅನ್ನುವ ಅಮೆರಿಕದ ಶಿಕ್ಷಣ ತಜ್ಞರು 1984ರಲ್ಲಿ ಒಂದು ಹೆಸರಾಂತ ಲೇಖನ ಬರೆದರು. ಒಬ್ಬರಿಗೊಬ್ಬರು ಕೂತು ಕಲಿತ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯ ಶೇ. 98 ವಿದ್ಯಾರ್ಥಿಗಳಿಗಿಂತ ಮುಂದೆ ಇದ್ದ ಅಂತ ಅದರಲ್ಲಿದೆ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಆದರೆ ಹತ್ತಿರ ಕೂತು ಕಲಿಸಿದರೆ ಲಾಭ ಇದೆ ಅನ್ನುವುದು ಮತ್ತೆ ಮತ್ತೆ ಕಂಡಿದೆ.

ಹಾಗಾಗಿ ಟ್ಯೂಷನ್‌ಗೆ ಹಾಕುವ ಮುಂಚೆ ಎಷ್ಟು ಗಂಟೆ, ಎಷ್ಟು ಫೀಸು ಅಂತ ಕೇಳುವ ಜೊತೆಗೆ, ನಮ್ಮ ಮಗು ಲೆಕ್ಕ ಮಾಡುವಾಗ ಯಾರಾದರೂ ಪಕ್ಕದಲ್ಲಿ ನೋಡುತ್ತಾರಾ ಅಂತಲೂ ಕೇಳಿ. ಪದದ ಮೂಲ ಅರ್ಥಕ್ಕೆ ಹತ್ತಿರವಾದ ಪ್ರಶ್ನೆ ಅದೇ.

ಕೊನೆಯದಾಗಿ, ಬರೆಯುವಾಗ ‘ಟ್ಯೂಷನ್’ ಸರಿಯೋ ‘ಟ್ಯೂಶನ್’ ಸರಿಯೋ?

ಎರಡೂ ಬಳಕೆಯಲ್ಲಿವೆ. ಇಂಗ್ಲಿಷ್‌ನ ಆ ಉಚ್ಚಾರಣೆ ನಮ್ಮ ‘ಷ’ವೂ ಅಲ್ಲ, ‘ಶ’ವೂ ಅಲ್ಲ, ಎರಡರ ನಡುವಿನದು. ಸ್ಟೇಷನ್, ಪೆನ್ಷನ್, ಆಪರೇಷನ್ ಅಂತೆಲ್ಲ ‘ಷ’ ಹಾಕಿ ಬರೆಯುವ ರೂಢಿ ಹೆಚ್ಚಾಗಿರುವುದರಿಂದ ‘ಟ್ಯೂಷನ್’ ಅಂತ ಬರೆದರೆ ಎಲ್ಲದರ ಜೊತೆ ಹೊಂದುತ್ತದೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.